ಹಾಲು ಕುಡಿದ ಕತ್ತಿ

ಹಗರಿ ಹೊಳೆಯ ದಂಡೆಯಲ್ಲಿ, ಹೊಂಗೆ ಮರಗಳ ನೆರಳಿನಲ್ಲಿ, ಸಾಣೆಯಜ್ಜನ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಗುಡಿಸಲು, ಮುಂದೊಂದು ಜಗಲಿ, ಬಂದವರು ಕೂರಲು ಒಂದು ಹಾಸುಬಂಡೆ.

ಅಜ್ಜ ಹಿಂದೆ ಒಬ್ಬ ಪಾಳೆಯಗಾರನ ಕೋಟೆಯಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದವನು. ಒಂದು ದಿನ ಅದೆಲ್ಲವನ್ನೂ ಬಿಟ್ಟು ಬಂದು ಇಲ್ಲಿ ಕೂತ. ಈಗ ಆಶ್ರಮದಲ್ಲಿ ಹುಡುಕಿದರೂ ಒಂದು ಸಾಣೆಕಲ್ಲು ಸಿಗುತ್ತಿರಲಿಲ್ಲ. ಆದರೂ ಜನ ಹಳೇ ಹೆಸರನ್ನು ಬಿಡಲಿಲ್ಲ. ಜನ ಅಷ್ಟು ಸುಲಭಕ್ಕೆ ಏನನ್ನಾದರೂ ಬಿಟ್ಟಾರೆಯೇ!

ಬೇಸಿಗೆಯ ಒಂದು ಮುಂಜಾನೆ ಬೋರಯ್ಯ ಅಲ್ಲಿಗೆ ಬಂದ. ಮೀಸೆ ನೆರೆತಿದ್ದ, ಮೈ ಇನ್ನೂ ಗಟ್ಟಿಯಾಗಿದ್ದ ಆಳು. ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಏನನ್ನೋ ಎರಡೂ ತೋಳುಗಳ ಮೇಲೆ, ಮಲಗಿದ ಕೂಸನ್ನು ಎತ್ತಿಕೊಂಡಂತೆ ಹೊತ್ತು ತಂದಿದ್ದ.

"ಏನಪ್ಪಾ ಅದು?" ಎಂದ ಅಜ್ಜ.

"ನಮ್ಮನೆ ಕತ್ತಿ ಅಜ್ಜಾ. ಮುತ್ತಾತನ ಕಾಲದ್ದು. ದಂಡಿನಾಗೆ ಆಡಿದ್ದಂತೆ."

"ನಾನು ಸಾಣೆ ಬಿಟ್ಟು ಭಾಳ ದಿನ ಆತು."

"ಸಾಣೆ ಬ್ಯಾಡ. ನಂಗೆ ಒಂದೇ ಒಂದು ಗೊತ್ತಾಗ್ಬೇಕು."

"ಏನು?"

"ಇದು ಮುರೀತಿತ್ತೋ, ಇಲ್ವೋ."

ಅಜ್ಜ ಅವನ ಮುಖ ನೋಡಿದ. ಆಮೇಲೆ ಹಾಸುಬಂಡೆಯ ಮೇಲೆ ಸರಿದು ಜಾಗ ಮಾಡಿಕೊಟ್ಟ.

ಬೋರಯ್ಯ ಹೇಳಿದ ಕಥೆ ಇಷ್ಟು.

ಅವರ ಮನೆತನದಲ್ಲಿ ಈ ಕತ್ತಿಯನ್ನು ಒರೆಯಿಂದ ಹೊರಗೆ ತೆಗೆಯುವ ಹಾಗಿರಲಿಲ್ಲ. ಮುತ್ತಾತ ತೀರಿಕೊಂಡ ದಿನ ಒರೆ ಸೇರಿದ್ದು ಮತ್ತೆ ಬೆಳಕು ಕಂಡಿರಲಿಲ್ಲ. ಪ್ರತಿ ಮಹಾನವಮಿಗೆ ಅದನ್ನು ದೇವರ ಜಗಲಿಯ ಮೇಲೆ ನಿಲ್ಲಿಸಿ, ಕುಂಕುಮ ಹಚ್ಚಿ, ಮನೆಯ ಹಿರಿಯ ಒರೆಯ ಬಾಯಿಗೆ ಹಾಲೆರೆಯುತ್ತಿದ್ದ. ಹಾಲು ಒಳಕ್ಕಿಳಿಯುತ್ತಿತ್ತು. "ಕುಡೀತು, ಕುಡೀತು!" ಎಂದು ಎಲ್ಲರೂ ಕೈ ಮುಗಿಯುತ್ತಿದ್ದರು. ಒಣಗಿದ ಚರ್ಮದ ಒರೆ ಹಾಲು ಹೀರದೆ ಇನ್ನೇನು ಮಾಡೀತು? ಆದರೆ ಹಾಗೆನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದ್ದದ್ದು ಒಬ್ಬನಿಗೆ, ಬೋರಯ್ಯನ ಒಬ್ಬನೇ ಮಗ ಸೂರಯ್ಯನಿಗೆ.

ಹೋದ ವರ್ಷ ನವಮಿ ಮುಗಿದ ಮೇಲೆ ಗಡಿಯಲ್ಲಿ ಕಾಳಗದ ಸುದ್ದಿ ಬಂತು. ಪಾಳೆಯಕ್ಕೆ ಆಳು ಬೇಕೆಂದು ಡಂಗುರ ಸಾರಿದರು. ಸೂರಯ್ಯ ಹೊರಟು ನಿಂತ. "ಅಪ್ಪಾ, ಆ ಕತ್ತಿ ಕೊಡು" ಎಂದ.

"ಅದು ಕತ್ತಿಯಲ್ಲ, ದೇವ್ರು. ಒರೆಯಿಂದ ತೆಗೆಯೋ ಹಂಗಿಲ್ಲ" ಎಂದಿದ್ದ ಬೋರಯ್ಯ. ಆ ಹೊತ್ತಿಗೆ ಬಾಯಿಗೆ ಬಂದದ್ದು ಆ ಮಾತು.

ಮಗ ನಕ್ಕಿದ್ದ. "ಹಾಲು ಕುಡಿಯೋ ಕತ್ತಿ ನಿನಗೇ ಇರ್ಲಿ ಬಿಡಪ್ಪ" ಎಂದು ಯಾರಿಂದಲೋ ಒಂದು ಕತ್ತಿ ತೆಗೆದುಕೊಂಡು ಹೋದ. ಹೊಳೆ ದಾಟುವ ಜಾಗದಲ್ಲಿ ಕೈಗೆ ಕೈ ಹತ್ತಿತಂತೆ. ಮೊದಲನೆಯ ಪೆಟ್ಟಿಗೇ ಕತ್ತಿ ನಡುವಿಗೆ ಮುರಿದು ಸೂರಯ್ಯ ಅಲ್ಲೇ ಬಿದ್ದನಂತೆ. ಜೊತೆಗಿದ್ದ ಗೆಳೆಯ ಹಿಡಿಯಿದ್ದ ಅರ್ಧವನ್ನು ತಂದು ಬೋರಯ್ಯನ ಹೆಂಡತಿ ಸಿರಿಯಮ್ಮನ ಕೈಗೆ ಕೊಟ್ಟು, ತಲೆ ತಗ್ಗಿಸಿಕೊಂಡು ಹೋದ.

ಸಿರಿಯಮ್ಮ ಗಂಡನ ಮುಂದೆ ನಿಂತು ಒಂದೇ ಮಾತು ಆಡಿದಳು. "ಹಾಲು ಹಾಕಿ ಸಾಕಿದ್ಯಲ್ಲ, ಇನ್ಮ್ಯಾಲೆ ಅದನ್ನೇ ಮಗ ಅಂತ ಎತ್ಕೋ."

ಅದೇ ಕೊನೆ. ಅಂದಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು.

"ನೀನು ಅತ್ತೆಯಾ?" ಎಂದು ಕೇಳಿದ ಅಜ್ಜ.

"ಊರೋರೆಲ್ಲ ಅತ್ರು. ನಂಗೆ ಬರ್ಲಿಲ್ಲ." ಬೋರಯ್ಯ ಕೆಂಪು ಬಟ್ಟೆಯ ಮೇಲೆ ಕೈಯಾಡಿಸಿದ. "ಇದು ಒಳಗೆ ಕೊಳೆತಿದ್ರೆ, ಕೊಟ್ಟಿದ್ರೂ ಮುರೀತಿತ್ತು. ಅವನು ಹೆಂಗೂ ಹೋಗೋನೇ. ಅಷ್ಟು ಗೊತ್ತಾದ್ರೆ ನಾನು ಉಂಡು ಮಲಗ್ತೀನಿ ಅಜ್ಜಾ. ಎಳೆದು ನೋಡ್ದೆ, ಬರ್ಲಿಲ್ಲ. ಕಚ್ಕಂಡೈತೆ."

"ಗಟ್ಟಿಯಾಗಿದ್ರೆ?"

ಬೋರಯ್ಯ ಹೊಳೆಯ ಕಡೆ ನೋಡಿದ.

ಅಜ್ಜ ಒಳಗಿನಿಂದ ಒಂದು ಚಿಕ್ಕ ಚಾಕು ತಂದು ಒರೆಯ ಹೊಲಿಗೆಗೆ ಹಾಕಿದ.

"ಅಜ್ಜಾ! ಹಿರೇರ ಒರೆ ಅದು!"

"ಹಿರೇರು ಇದರೊಳಗಿಲ್ಲಪ್ಪ. ಹಾಲು ಐತೆ."

ಹೊಲಿಗೆ ಬಿಚ್ಚುತ್ತಿದ್ದಂತೆ ಹುಳಿ ಹುಳಿ ವಾಸನೆ ಎದ್ದಿತು. ಚರ್ಮ ಒಳಗೆ ಬೂಷ್ಟು ಹಿಡಿದು ಪುಡಿಪುಡಿಯಾಗಿತ್ತು. ಅದರ ನಡುವೆ ಅಲಗು ತುದಿಯಿಂದ ಹಿಡಿಯವರೆಗೂ ಕೆಂಪಗೆ ತುಕ್ಕು ಹೊದ್ದು ಮಲಗಿತ್ತು. ತಲೆಮಾರುಗಳ ಭಕ್ತಿ ಮಾಡಿದ ಕೆಲಸ ಅದು. ನೋಡಿ ಬೋರಯ್ಯನ ಕಣ್ಣಲ್ಲಿ ಒಂದು ಆಸೆ ಮಿಂಚಿತು. ಆಸೆಯೆಂದರೆ ಎಂಥ ಆಸೆ! ಮನೆದೇವರು ಕೊಳೆತಿರಲಿ ಎಂಬ ಆಸೆ.

ಅಜ್ಜ ಹಿಡಿಗೆ ನೂಲು ಕಟ್ಟಿ ಕತ್ತಿಯನ್ನು ಹೊಂಗೆಯ ಕೊಂಬೆಗೆ ತೂಗುಬಿಟ್ಟ. ಉಗುರಿನಿಂದ ಒಮ್ಮೆ ತಟ್ಟಿ, ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ ನಿಂತ. ಬೋರಯ್ಯನಿಗೆ ಮಂದವಾಗಿ ಏನೋ ಕೇಳಿದಂತಾಯಿತು. ಆಮೇಲೆ ಹಕ್ಕಿಗಳ ಸದ್ದೇ ಕೇಳಿತು.

"ಏನಂತು ಅಜ್ಜಾ?"

"ನಂಗೆ ಹೇಳೋದು ಹೇಳ್ತು. ನೀನು ಒರೆಸು. ನಿಂಗೂ ಹೇಳ್ತೈತೆ."

ಬೋರಯ್ಯ ಆಶ್ರಮದಲ್ಲೇ ಉಳಿದ. ಹೊಲ ನೋಡಿಕೊಳ್ಳಲು ತಮ್ಮನಿದ್ದ. ಮನೆಯಲ್ಲಿ ಮಾತನಾಡುವವರು ಇರಲಿಲ್ಲ.

ಮಾರನೇ ದಿನ ಅಜ್ಜ ಏಳುವ ಮೊದಲೇ ಅವನು ಕತ್ತಿಯನ್ನು ಹೊಳೆಗೆ ಒಯ್ದ. ಹಬ್ಬಕ್ಕೆ ದೇವರ ಪಾತ್ರೆ ಬೆಳಗುವ ಹಾಗೆ ಹುಣಿಸೆಹಣ್ಣು ಹಚ್ಚಿ, ಒದ್ದೆ ಮರಳು ತೆಗೆದುಕೊಂಡು ಗಸಗಸ ಉಜ್ಜಿದ. ತುದಿಯ ಒಂದು ಗೇಣು ಬೆಳ್ಳಗೆ ಫಳಫಳ ಹೊಳೆಯಿತು. ಅದನ್ನು ನೀರಿನಲ್ಲಿ ಜಾಲಾಡಿ, ಬಿಸಿಲಿಗೆ ಹಿಡಿದು, ತಂದು ತೋರಿಸಿದ.

"ನೋಡಿ ಅಜ್ಜಾ. ಹಿಂಗೇ ಮಾಡಿದ್ರೆ ಬೇಗ ಆಗ್ತೈತೆ."

"ಆಗ್ತೈತೆ" ಎಂದ ಅಜ್ಜ. "ಅಲ್ಲೇ ಬಂಡೆ ಮ್ಯಾಲೆ ಇಡು. ನಾಳೆ ನೋಡಾನ."

ಮರುದಿನ ಬೆಳಿಗ್ಗೆ ಆ ಒಂದು ಗೇಣು ಉಳಿದೆಲ್ಲದಕ್ಕಿಂತ ಕೆಂಪಾಗಿತ್ತು. ಹಸಿ ಗಾಯದ ಕೆಂಪು. ಬೋರಯ್ಯ ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ತುಕ್ಕು ತೆಗೀತೀನಿ ಅಂತ ತೊಗಲು ಸುಲಿದೆಯಲ್ಲೋ" ಎಂದ ಅಜ್ಜ. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಬೋರಯ್ಯನಿಗೆ.

ಆಮೇಲೆ ಅಜ್ಜ ಕಲಿಸಿದ. ಹರಳೆಣ್ಣೆಯನ್ನು ಬಟ್ಟೆಗೆ ಅದ್ದಿ ಅಲಗಿಗೆ ಸುತ್ತಿಡಬೇಕು. ತುಕ್ಕು ನೆನೆಯುವ ತನಕ ಕಾಯಬೇಕು. ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಬೇಕು. ಕಬ್ಬಿಣ ಮುಟ್ಟಿಸಬಾರದು, ಕಲ್ಲು ಮುಟ್ಟಿಸಬಾರದು, ನೀರಂತೂ ತೋರಿಸಲೇಬಾರದು. ಹಳೇ ಹತ್ತಿಬಟ್ಟೆಯಿಂದ ಒರೆಸಬೇಕು. ಮತ್ತೆ ಎಣ್ಣೆ.

"ಕೆಂಪಾಗಿರೋದನ್ನ ತೆಗಿ. ಕರ್ರಗಿರೋದನ್ನ ಮುಟ್ಟಬ್ಯಾಡ."

"ಎರಡೂ ಕೊಳೆನೇ ಅಲ್ವ ಅಜ್ಜಾ?"

"ಅಲ್ಲ. ಕೆಂಪು ಇದನ್ನ ತಿಂತಾ ಐತೆ. ಕರಿ ಇದನ್ನ ಕಾಯ್ತಾ ಐತೆ."

"ಯಾವುದು ಯಾವುದು ಅಂತ ಹೆಂಗೆ ಗೊತ್ತಾಗ್ಬೇಕು?"

"ಒರೆಸ್ತಾ ಇರು. ಹೋಗೋದು ಬಟ್ಟೆಗೆ ಬರ್ತೈತೆ. ಇರೋದು ಇರ್ತೈತೆ."

ಬೋರಯ್ಯ ಒರೆಸತೊಡಗಿದ. ಅವನ ಕೈಗೆ ನೇಗಿಲು ಗೊತ್ತಿತ್ತು, ಎತ್ತಿನ ಹಗ್ಗ ಗೊತ್ತಿತ್ತು. ಇಷ್ಟು ಮೆತ್ತಗೆ ಏನನ್ನೂ ಹಿಡಿದು ಗೊತ್ತಿರಲಿಲ್ಲ. ಮಗನನ್ನು ಕೂಡ ಕೂಸಾಗಿದ್ದಾಗ ಸಿರಿಯಮ್ಮನೇ ಎತ್ತಿಕೊಂಡಿದ್ದಳು. ಗಂಡಸು ಕೂಸನ್ನು ಎತ್ತಿ ಆಡಿಸುವುದು ಅವರ ಕಡೆ ರೂಢಿಯಿರಲಿಲ್ಲ.

ಒಂದು ಮಧ್ಯಾಹ್ನ ಅವನು ಒರೆಸುವುದನ್ನು ಮರೆತು, ಅಲಗಿನ ಮೇಲೆ ಬರಿಗೈ ಊರಿಕೊಂಡು ಬಹಳ ಹೊತ್ತು ಕೂತಿದ್ದ. ಏನು ಯೋಚಿಸುತ್ತಿದ್ದನೋ ಅವನಿಗೇ ತಿಳಿಯದು. ಮರುದಿನ ನೋಡಿದರೆ ಅಲಗಿನ ಮೇಲೆ ಒಂದು ಅಂಗೈ ಮೂಡಿತ್ತು. ಬೆರಳು, ರೇಖೆ ಎಲ್ಲವೂ ಸ್ಪಷ್ಟವಾಗಿ, ಕೆಂಪಗೆ.

ಅವನು ಹೆದರಿ ಹಿಂದೆ ಸರಿದ. "ಅಜ್ಜಾ! ಯಾರದೋ ಕೈ!"

"ನಿಂದೇ ಕಣಪ್ಪ. ಬೆವರು. ಉಪ್ಪು ಅದಕ್ಕೆ ಆಗಿಬರಲ್ಲ." ಅಜ್ಜ ಎಣ್ಣೆಬಟ್ಟೆಯನ್ನು ಅವನ ಮುಂದೆ ಇಟ್ಟ. "ಬಟ್ಟೆಯಾಗೆ ಹಿಡ್ಕೋ. ಅಳು ಬಂದ್ರೆ ಕತ್ತಿ ಕೆಳಗಿಟ್ಟು ಅಳು."

"ನಂಗೆ ಅಳು ಬರಲ್ಲ."

"ಬಂದ್ರೆ ಅಂದೆ."

ತುದಿಯಿಂದ ಮೇಲಕ್ಕೆ ಮೇಲಕ್ಕೆ ಕೆಲಸ ಸಾಗಿತು. ಕೆಂಪು ಹೋದ ಕಡೆ ಅಲಗು ಕಪ್ಪು ಬೂದು ಬಣ್ಣದ್ದಾಗಿ, ನುಣ್ಣಗೆ, ತಣ್ಣಗೆ ಹೊರಬಂತು. ಅದರ ಮೈಮೇಲೆ ಸಣ್ಣ ಸಣ್ಣ ಅಲೆಗಳು ಕಂಡವು. ನೀರು ಇಳಿದ ಮೇಲೆ ಹಗರಿಯ ಮರಳಿನಲ್ಲಿ ಉಳಿಯುವ ಗೆರೆಗಳ ಹಾಗೆ.

"ಇದೇನಜ್ಜಾ ಇದು?"

"ಉಕ್ಕಿನ ನೀರು. ಕರಗಿಸಿ, ಬಡಿದು, ಮತ್ತೆ ಬಡಿದು ಮಾಡಿರ್ತಾರೆ. ಅದರ ಗುರುತು."

ಬೋರಯ್ಯ ಆ ಅಲೆಗಳ ಮೇಲೆ ಮತ್ತೊಮ್ಮೆ ಬಟ್ಟೆ ಆಡಿಸಿದ. ಆ ಮನೆಯಲ್ಲಿ ಹುಟ್ಟಿ ಬೆಳೆದು ಕೈ ಮುಗಿದು ಸತ್ತವರಲ್ಲಿ ಒಬ್ಬರೂ ಇದನ್ನು ನೋಡಿರಲಿಲ್ಲ. ಸೂರಯ್ಯ ನೋಡಿದ್ದರೆ ಎಷ್ಟು ಕುಣಿಯುತ್ತಿದ್ದ! ಊರಿನ ಹುಡುಗರನ್ನೆಲ್ಲ ಕರೆದು ತೋರಿಸುತ್ತಿದ್ದ. ಆ ದಿನ ಅವನು ಊಟ ಮಾಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗೇಣು ಗೇಣಿಗೂ ಹಿಗ್ಗುತ್ತಿದ್ದರು. ಬೋರಯ್ಯ ಗೇಣು ಗೇಣಿಗೂ ಕುಗ್ಗಿದ. ಒರೆಸಿದಷ್ಟು ಜಾಗವೂ ಗಟ್ಟಿಯಾಗಿತ್ತು.

ಒಮ್ಮೆ ಕೈ ಒರೆಸಿಕೊಳ್ಳುತ್ತ ಕೇಳಿದ. "ಅಜ್ಜಾ, ನೀವು ಕೋಟೆ ಕೆಲಸ ಯಾಕೆ ಬಿಟ್ರಿ? ಏನಾದ್ರೂ ತಪ್ಪು ಬಿತ್ತಾ?"

"ಇಲ್ಲ. ನಾನು ಸಾಣೆ ಹಿಡಿದ ಕತ್ತಿ ಒಂದೂ ಮುರಿದಿಲ್ಲ."

"ಮತ್ತೆ ಯಾಕೆ ಬಿಟ್ರಿ?"

"ಅದಕ್ಕೇ."

ಬೋರಯ್ಯನಿಗೆ ಅರ್ಥವಾಗಲಿಲ್ಲ. "ಎದುರಿಗೆ ನಿಂತೋರೂ ಯಾರದೋ ಮಕ್ಕಳೇ ಕಣಪ್ಪ" ಎಂದ ಅಜ್ಜ. ಹೊಳೆಯ ಆಚೆ ದಡದಲ್ಲಿ ಯಾರೋ ಹೆಂಗಸು ಮಗನನ್ನು ಹೆಸರು ಹಿಡಿದು ಕೂಗುತ್ತಿದ್ದಳು. ಅವನು ಓಗೊಡುವವರೆಗೂ ಇಬ್ಬರೂ ಆ ಕೂಗನ್ನು ಕೇಳುತ್ತ ಕೂತಿದ್ದರು.

ಮೊದಲ ಮಳೆ ಬೀಳುವ ಹೊತ್ತಿಗೆ ಹಿಡಿಯ ಹತ್ತಿರದ ಒಂದು ಗೇಣು ಮಾತ್ರ ಉಳಿದಿತ್ತು. ಬೋರಯ್ಯ ಅಲ್ಲಿ ಬಿದಿರಿನ ಚಕ್ಕೆ ಹಾಕಿದ. ಒಂದು ತುಕ್ಕಿನ ಹೊಪ್ಪಳೆ ಎದ್ದುಬಂತು. ಅದರ ಕೆಳಗೆ, ಅಲಗಿಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ, ಒಂದು ಗೆರೆ.

ಅವನ ಕೈ ನಿಂತಿತು.

"ಅಜ್ಜಾ!" ಅವನು ಓಡಿದ. ಆ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. "ಬಿರುಕು ಐತೆ ಅಜ್ಜಾ! ಹಿಡಿ ಪಕ್ಕದಾಗೇ ಐತೆ! ಇದೂ ಮುರೀತಿತ್ತು! ಒಂದೇ ಪೆಟ್ಟಿಗೆ ಮುರೀತಿತ್ತು!"

ಅಜ್ಜ ನೋಡಿದ. "ಬಿರುಕು ಅಂತೀಯಾ?"

"ಬಿರುಕೇ!"

"ಹಂಗಾದ್ರೆ ಒರೆಸು."

"ಬಿರುಕನ್ನ ಯಾಕೆ ಒರೆಸ್ಬೇಕು?"

"ಒರೆಸಿದ್ರೆ ಬಿರುಕು ಹೋಗಲ್ಲ ಕಣಪ್ಪ."

ಬೋರಯ್ಯ ಕತ್ತಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಹೋದ. ಅಂದು ಅವನು ಹೊಟ್ಟೆ ತುಂಬ ಉಂಡ. ಮತ್ತೊಮ್ಮೆ ಬಡಿಸಿಕೊಂಡು ಉಂಡ. ಹೊಂಗೆಯ ನೆರಳಿನಲ್ಲಿ ಅಡ್ಡಾಗಿ ಗೊರಕೆ ಹೊಡೆದ. ಎಷ್ಟು ತಿಂಗಳ ನಿದ್ದೆಯೋ ಏನೋ, ಸಂಜೆಯವರೆಗೂ ಏಳಲಿಲ್ಲ.

ಆದರೆ ಆ ಗೆರೆಯನ್ನು ಅವನು ಒರೆಸಲಿಲ್ಲ.

ತುದಿಯನ್ನು ಒರೆಸಿದ. ನಡುವನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಬಟ್ಟೆ ಹಿಡಿಯ ಹತ್ತಿರ ಬಂದದ್ದೇ ಕೈ ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು. ಮಳೆಗಾಲ ಇಡೀ ಹೀಗೇ ಕಳೆಯಿತು. ಅಜ್ಜ ಒಂದು ದಿನವೂ ಅವಸರ ಮಾಡಲಿಲ್ಲ. ಒಮ್ಮೆ ಮಾತ್ರ, "ಆ ತುದಿ ಸವೆದು ಸವೆದು ಸೂಜಿ ಆಗ್ತೈತೆ ನೋಡು, ಆಮ್ಯಾಲೆ ಬಟ್ಟೆ ಹೊಲೀಬಹುದು" ಎಂದ.

ಬೋರಯ್ಯ ನಗಲಿಲ್ಲ. ಅವನಿಗೆ ಮತ್ತೆ ರಾತ್ರಿ ನಿದ್ದೆ ಬರದಾಗಿತ್ತು.

ಹೊಳೆಯ ನೀರು ಇಳಿಯಿತು. ಮಹಾನವಮಿ ಬಂತು. ಆ ದಿನ ಬೆಳಿಗ್ಗೆ ಸಿರಿಯಮ್ಮ ಒಬ್ಬಳೇ ನಡೆದುಕೊಂಡು ಆಶ್ರಮಕ್ಕೆ ಬಂದಳು.

ಬೋರಯ್ಯ ಎದ್ದು ನಿಂತ. ಅವಳು ಅವನನ್ನು ದಾಟಿ ಹೋಗಿ ಅಜ್ಜನ ಮುಂದೆ ಕೂತಳು.

"ಅಜ್ಜಾ, ಹಬ್ಬ ಬಂತು. ಜಗಲಿ ಖಾಲಿ ಐತೆ. ಮೈದುನ ಕೇಳ್ತಾ ಅವ್ನೆ, ದೇವ್ರು ಯಾವಾಗ ಮನೆಗೆ ಬರ್ತೈತೆ ಅಂತ."

"ನಿನ್ನ ಗಂಡ ಇಲ್ಲೇ ನಿಂತವ್ನೆ ಕಣವ್ವ. ಅವನ್ನ ಕೇಳು."

"ನಂಗೆ ಯಾರೂ ಕಾಣ್ತಾ ಇಲ್ಲ."

ಅವಳು ಸೆರಗಿನೊಳಗಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಹಿಡಿ, ಅದಕ್ಕೆ ಅಂಟಿಕೊಂಡ ಮೊಳಕ್ಕಿಂತ ಗಿಡ್ಡನೆಯ ಅಲಗು, ಅದರ ತುದಿಯಲ್ಲಿ ಒಡೆದ ಅಂಚು. ಸೂರಯ್ಯನ ಕತ್ತಿ. ಅದರ ಮೈತುಂಬ ಕೆಂಪು ಬೆರಳ ಗುರುತುಗಳು. ಹಳೆಯವು, ಹೊಸವು, ಒಂದರ ಮೇಲೊಂದು. ಅವಳು ದಿನವೂ ಅದನ್ನು ಹಿಡಿದುಕೊಂಡು ಕೂರುತ್ತಿದ್ದಳೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದೂ ಕೆಂಪು ಹಿಡಿದು ಹೋಗ್ತಾ ಐತೆ" ಎಂದಳು. "ಇಷ್ಟೇ ಉಳಿದಿರೋದು ಅಜ್ಜಾ. ಇದನ್ನಾದ್ರೂ ಉಳಿಸ್ಕೊಡಿ."

ಅಜ್ಜ ಅದನ್ನು ಬಟ್ಟೆಯಲ್ಲಿ ತೆಗೆದುಕೊಂಡ. ಎರಡು ಹೆಜ್ಜೆ ನಡೆದು, ಬೋರಯ್ಯನ ಕೈಗೆ ಕೊಟ್ಟ.

ಮಗನ ಕತ್ತಿಯನ್ನು ಅವನು ಅದುವರೆಗೂ ಮುಟ್ಟಿರಲಿಲ್ಲ. ಗೆಳೆಯ ತಂದುಕೊಟ್ಟ ದಿನ ಮುಖ ತಿರುಗಿಸಿದವನು ಆಮೇಲೆ ಅದು ಮನೆಯಲ್ಲಿ ಎಲ್ಲಿದೆಯೆಂದು ಕೇಳಿರಲಿಲ್ಲ. ಈಗ ಅದು ಕೈಯಲ್ಲಿತ್ತು, ಎಷ್ಟು ಹಗುರ! ಇಷ್ಟು ಹಗುರದ್ದನ್ನು ಹಿಡಿದು ಹೋಗಿದ್ದನೇ ಅವನು?

ಬೋರಯ್ಯ ಕೂತ. ಎಣ್ಣೆಬಟ್ಟೆ ತೆಗೆದುಕೊಂಡು, ಕಲಿತ ಹಾಗೆ, ಮೆಲ್ಲಗೆ ಒರೆಸತೊಡಗಿದ. ಸಿರಿಯಮ್ಮನ ಬೆರಳುಗಳು ಒಂದೊಂದಾಗಿ ಬಟ್ಟೆಗೆ ಬಂದವು. ಬೇರೆ ಕಡೆ ನೋಡಬೇಕೆಂದುಕೊಂಡಿದ್ದ ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಇಷ್ಟು ಮೆತ್ತಗೆ ಆಡುವುದನ್ನು ಅವಳು ಬಾಳಿನಲ್ಲಿ ನೋಡಿರಲಿಲ್ಲ.

ಮುರಿದ ಅಂಚಿನ ಹತ್ತಿರ ಒಂದು ಕೂದಲೆಳೆಯಂಥ ಗೆರೆ ಉಳಿಯಿತು. ಬೋರಯ್ಯ ಅದರ ಮೇಲೆ ಬಟ್ಟೆ ಆಡಿಸಿದ. ಎಣ್ಣೆ ಹಾಕಿ ಕಾದ. ಮತ್ತೆ ಒರೆಸಿದ. ಹೊಸ ಬಟ್ಟೆ ತಂದು ಒರೆಸಿದ. ಬಿಸಿಲು ಜಗಲಿಗೆ ಬಂತು.

"ಅಜ್ಜಾ, ಇದು ಹೋಗ್ತಾ ಇಲ್ಲ."

"ಅದು ಬಿರುಕು ಕಣಪ್ಪ" ಎಂದ ಅಜ್ಜ. "ಅದು ಹೋಗಲ್ಲ."

ಬೋರಯ್ಯ ಮಗನ ಕತ್ತಿಯನ್ನು ಒಣಬಟ್ಟೆಯಲ್ಲಿ ಸುತ್ತಿ ಸಿರಿಯಮ್ಮನ ಮಡಿಲಲ್ಲಿಟ್ಟ. ಯಾರೂ ಹೇಳದೆ, ಎದ್ದು ಹೋಗಿ, ಮನೆಯ ಕತ್ತಿಯನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡ. ಹಿಡಿಯ ಹತ್ತಿರ ಬಟ್ಟೆ ಇಟ್ಟ. ಈ ಸಲ ಕೈ ಹೊರಳಲಿಲ್ಲ.

ಒಮ್ಮೆ ಒರೆಸಿದ. ಬಟ್ಟೆಗೆ ಬಿಳಿ ಬಂತು. ಜೊತೆಗೆ ಕುಂಕುಮದ ಕೆಂಪು.

ಹಾಲು. ಒರೆಯ ಬಾಯಿಯಲ್ಲಿ ವರ್ಷ ವರ್ಷವೂ ನಿಂತು, ಒಣಗಿ, ಗಟ್ಟಿಯಾಗಿ ಗೆರೆ ಕಟ್ಟಿದ ಹಾಲು. ಅವನ ಅಪ್ಪ ಎರೆದದ್ದು, ತಾತ ಎರೆದದ್ದು. ಕಳೆದ ನವಮಿಗೆ ಮಗ ಬಾಗಿಲಿಗೆ ಒರಗಿ ನಗುತ್ತ ನೋಡುತ್ತಿದ್ದಾಗ ಅವನೇ ಎರೆದದ್ದು.

ಇನ್ನೊಮ್ಮೆ ಒರೆಸಿದ. ಗೆರೆ ಇರಲಿಲ್ಲ. ಅದರ ಕೆಳಗೆ ಉಕ್ಕಿನ ಅಲೆಗಳು ಎಲ್ಲಿಯೂ ಕಡಿಯದೆ ಹಿಡಿಯವರೆಗೂ ಹರಿದಿದ್ದವು.

ಅವನು ಹಿಡಿಗೆ ನೂಲು ಕಟ್ಟಿದ. ಹೊಂಗೆಯ ಕೊಂಬೆಗೆ ತೂಗುಬಿಟ್ಟು ಉಗುರಿನಿಂದ ತಟ್ಟಿದ.

ಕತ್ತಿ ನುಡಿಯಿತು. ಸಣ್ಣಗೆ, ಉದ್ದವಾಗಿ, ಒಂದೇ ಸಮನೆ. ಸದ್ದು ನಿಂತಿತೆಂದುಕೊಂಡ ಮೇಲೂ ಕಿವಿಯಲ್ಲಿ ಉಳಿದಿತ್ತು. ಸಿರಿಯಮ್ಮ ಬೆಚ್ಚಿ ತಲೆ ಎತ್ತಿದಳು.

"ಗಟ್ಟಿ ಐತೆ" ಎಂದ ಬೋರಯ್ಯ.

"ಹೂಂ" ಎಂದ ಅಜ್ಜ.

"ಇದು ಮುರೀತಿರ್ಲಿಲ್ಲ."

"ಮುರೀತಿರ್ಲಿಲ್ಲ."

"ಮೊದಲ್ನೇ ದಿನವೇ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ ಅಜ್ಜಾ? ಇಷ್ಟು ದಿನ ನನ್ನ ಯಾಕೆ ಹಿಂಗೆ ಕೂರಿಸಿದ್ರಿ?"

"ಕತ್ತಿ ಏನು ಹೇಳ್ತೈತೆ ಅಂತ ನಂಗೆ ಗೊತ್ತಿತ್ತು" ಎಂದ ಅಜ್ಜ. "ನೀನು ಏನು ಹೇಳ್ತೀಯ ಅಂತ ಗೊತ್ತಿರ್ಲಿಲ್ಲ."

ಬೋರಯ್ಯ ನೂಲು ಬಿಚ್ಚಿ ಕತ್ತಿಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡ. ಹೆಂಡತಿಯ ಕಡೆ ತಿರುಗಿದ.

"ಸಿರಿ, ಅದು ದೇವ್ರು ಅಂತಲ್ಲ ನಾನು ಕೊಡದೇ ಇದ್ದದ್ದು."

ಅವಳು ಮಡಿಲಿನ ಕತ್ತಿಯನ್ನು ಬಿಗಿಯಾಗಿ ಹಿಡಿದಳು.

"ಅದು ಸುಳ್ಳು. ದೇವ್ರ ಹೆಸರು ಹೇಳಿ ಸುಳ್ಳಾಡ್ದೆ. ಕತ್ತಿ ಸಿಗದಿದ್ರೆ ಹೋಗಲ್ಲ ಅನ್ಕಂಡಿದ್ದೆ ಕಣೇ. ಸಿಟ್ಟು ಮಾಡ್ಕಂಡು ನಾಕು ದಿನ ಮೂಲೆಯಾಗೆ ಕೂರ್ತಾನೆ, ಆಮ್ಯಾಲೆ ಹೊಲಕ್ಕೆ ಬರ್ತಾನೆ ಅನ್ಕಂಡಿದ್ದೆ. ಬ್ಯಾರೆ ಕತ್ತಿ ತಗಂಡು ಹೋಗ್ತಾನೆ ಅಂತ ನಂಗೆ ಹೊಳೀಲೇ ಇಲ್ಲ."

ಗಂಡನಿಗಿಂತ ಹೆಚ್ಚಾಗಿ ಅವನ ಈ ಮಾತನ್ನು ಸಿರಿಯಮ್ಮ ದಿಟ್ಟಿಸಿ ನೋಡುತ್ತಿದ್ದಂತಿತ್ತು. ಒಂದು ವರ್ಷ ಅವಳು ನಂಬಿದ್ದು ಬೇರೆ. ತನ್ನ ಮಗನಿಗಿಂತ ಒಂದು ಕಬ್ಬಿಣದ ತುಂಡು ಇವನಿಗೆ ಹೆಚ್ಚಾಯಿತೆಂದು ಅವಳು ನಂಬಿದ್ದಳು.

"ಹೋಗಬ್ಯಾಡ ಮಗಾ ಅಂತ ಒಂದು ಮಾತು ಅನ್ನೋಕೆ ಏನಾಗಿತ್ತು ನಿಂಗೆ?" ಎಂದಳು. ಮಾತು ನೇರವಾಗಿ ಅವನಿಗೇ ಬಂದಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ.

"ನಮ್ಮಪ್ಪ ನಂಗೆ ಅಂಥ ಮಾತು ಆಡಿರ್ಲಿಲ್ಲ. ಹೆಂಗೆ ಆಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಸಿರಿಯಮ್ಮ ಎದ್ದಳು. ಬಂಡೆಯ ಮೇಲೆ ಅವನ ಪಕ್ಕದಲ್ಲಿ ಬಂದು ಕೂತಳು. ಅವನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಸಮಾಧಾನ ಅವಳ ಹತ್ತಿರವೂ ಇರಲಿಲ್ಲ. ಮಗನ ಅರ್ಧ ಕತ್ತಿಯನ್ನು ಮಡಿಲಲ್ಲಿ ಹಿಡಿದು ಸುಮ್ಮನೆ ಕೂತಳು.

ಬೋರಯ್ಯನ ಕಣ್ಣು ತುಂಬಿತು. ಅವನು ಗಾಬರಿಯಿಂದ ಸುತ್ತ ನೋಡಿದ. ಕೆಳಗೆ ಒದ್ದೆ ಮರಳು. ನೆರಳಿನಲ್ಲಿದ್ದ ಬಂಡೆಯ ಮೇಲೆ ಬೆಳಗಿನ ಇಬ್ಬನಿಯ ತೇವ ಇನ್ನೂ ಆರಿರಲಿಲ್ಲ. ಕತ್ತಿ ಇಡಲು ಎಲ್ಲಿಯೂ ಜಾಗವಿರಲಿಲ್ಲ. ಹನಿ ಅಲಗಿನ ಮೇಲೆ ಬೀಳದಿರಲೆಂದು ಅವನು ಮುಖವನ್ನು ಒಂದು ಕಡೆಗೆ ತಿರುಗಿಸಿ, ತೋಳುಗಳನ್ನು ದೂರಕ್ಕೆ ಚಾಚಿ, ಉಸಿರು ಕಟ್ಟಿಕೊಂಡು ಕೂತ.

ಅಜ್ಜ ಎದ್ದು ಬಂದ. ಹೆಗಲ ಮೇಲಿನ ವಸ್ತ್ರವನ್ನು ಎರಡೂ ಕೈಗೆ ಹರಡಿಕೊಂಡು, ಅವನ ಕೈಯಿಂದ ಒಂದನ್ನು, ಅವಳ ಮಡಿಲಿಂದ ಒಂದನ್ನು ತೆಗೆದುಕೊಂಡ.

"ಈಗ ಅಳ್ರಪ್ಪ" ಎಂದ. "ಇವೆರಡನ್ನೂ ನಾನು ಹಿಡ್ಕಂಡಿರ್ತೀನಿ."